ಶಿಶುಪಾಲನೆಯೂ ಸರಳಜೀವನವೂ



ಶಿಶುವಿಗೆ ಲಿಂಗಧಾರಣೆಯನ್ನು ಮಾಡಿಸಲು ಬಂದ ತರುಣ ತಂದೆಯೊಬ್ಬನು, “ಶಾಸ್ತ್ರಿಗಳೇ, ನನ್ನ ಮಗನು ಮಣ್ಣಿನ ಒಡನಾಟದಲ್ಲಿ, ಮಿತವಾದ ಬಾಳಿನಲ್ಲಿ ಬೆಳೆಯಬೇಕೆಂಬುದೇ ನನ್ನ ಆಸೆ, ಏನು ಮಾಡಲಿ?” ಎಂದು ಕೇಳಿದನು. ಆಸೆಯು ಶ್ಲಾಘ್ಯವಾದುದೇ. ಆದರೆ ಆ ಮಾತಿನ ನಡುವೆ ಆತನ ಕೈಯ ಮೊಬೈಲು ಮೂರು ಸಲ ಕರೆಯಿತು. ಮೂರು ಸಲವೂ ಆತನು ಅತ್ತ ತಿರುಗಿದನು. ಕೂಸಿನ ದೃಷ್ಟಿಯೂ ಅತ್ತಲೇ ಹೊರಳಿತು. ಆತನಿಗೆ ಹೇಳಿದುದನ್ನೇ ಇಲ್ಲಿ ನಿವೇದಿಸುವೆನು.

ಎಳೆಗೂಸು ತನ್ನ ಲಿಂಗವನ್ನು ತಾನೇ ಕಾಪಾಡಿಕೊಳ್ಳಲಾರದು. ಅರಿವು ಬರುವವರೆಗೆ ತಾಯಿಯೇ ಜೋಪಾನಮಾಡುವಳು. ಸರಳತೆಯೂ ಹಾಗೆಯೇ, ಮೊದಲು ಹೆತ್ತವರಲ್ಲಿ ನೆಲೆಗೊಂಡು, ಬಳಿಕ ಮಗುವಿಗೆ ಸಲ್ಲಬೇಕು. 12ನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಸತಿ ಲಕ್ಕಮ್ಮ ತಾಯಿಯು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದಳು. ಅಂತಹ ಮನೆಯಲ್ಲಿ ಬೆಳೆವ ಕೂಸಿಗೆ ಬೇರೆ ಬೋಧೆಯೇಕೆ?

ಎಳ್ಳಮವಾಸ್ಯೆಯಂದು ಮಕ್ಕಳನ್ನೆತ್ತಿಕೊಂಡು ಹೊಲಕ್ಕೆ ಹೋಗಿರಿ. ಚರಗ ಚೆಲ್ಲುವಾಗ ಅವರ ಪುಟ್ಟ ಕೈಯಿಂದಲೂ ಒಂದು ಹಿಡಿ ಚೆಲ್ಲಿಸಿರಿ. ಭೂಮಿತಾಯಿಗೆ ಉಣಿಸಿ ತಾನುಣ್ಣುವುದನ್ನು ಕೈ ಕಲಿತರೆ ಮನವು ಮರೆಯದು. ದಾಸೋಹಕ್ಕೆ ಅದೇ ಓಂಕಾರ.

ಮಕ್ಕಳನ್ನು ತಿದ್ದುವ ಮುನ್ನ ನಮ್ಮನ್ನು ತಿದ್ದಿಕೊಳ್ಳುವ ಬುದ್ಧಿಯನ್ನು ಶಿವನು ಕರುಣಿಸಲಿ. ಶರಣು.