ಕೀಲಿಕೈಯೂ ಒಂದು ಅಮಾನತ್

(ಜುಮಾ ಭಾಷಣದ ಸಂಗ್ರಹ)



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರವರ ಮೇಲೆಯೂ ಅವರ ಕುಟುಂಬ ಮತ್ತು ಸಹಾಬಿಗಳ ಮೇಲೆಯೂ ಸಲಾತ್ ಮತ್ತು ಸಲಾಂ ಇರಲಿ. ತಖ್ವಾ ಪಾಲಿಸಬೇಕೆಂದು ಮೊದಲು ನನಗೆ, ನಂತರ ನಿಮಗೆ ವಸಿಯ್ಯತ್ ಮಾಡುತ್ತೇನೆ.

ಹಿಜರಿ 8ರಲ್ಲಿ ಮಕ್ಕಾ ವಿಜಯವಾದಾಗ ಕಅಬಾದ ಬಾಗಿಲಿನ ಕೀಲಿಕೈ ಉಸ್ಮಾನ್ ಬಿನ್ ತಲ್ಹಾ(ರ)ರವರ ಬಳಿ ಇತ್ತು. ಅದು ಅವರ ಮನೆತನಕ್ಕೆ ತಲೆಮಾರುಗಳಿಂದ ಬಂದ ಹೊಣೆ. ಪ್ರವಾದಿ(ಸ)ರವರು ಕೀಲಿಕೈ ತರಿಸಿ, ಬಾಗಿಲು ತೆರೆದು ಒಳಗೆ ಹೋದರು. ಹೊರಗೆ ಬಂದಾಗ ಅವರ ಸ್ವಂತ ಕುಟುಂಬದವರೇ ಆ ಕೀಲಿಕೈಯನ್ನು ತಮಗೆ ಕೊಡಬೇಕೆಂದು ಕೇಳಿಕೊಂಡರು. ಅಂದು ಇಡೀ ನಗರವೇ ಪ್ರವಾದಿಯವರ ಅಧೀನದಲ್ಲಿತ್ತು. ಬೇಡ ಎನ್ನುವವರು ಯಾರೂ ಇರಲಿಲ್ಲ. ಆದರೂ ಅವರು ಉಸ್ಮಾನ್ ಬಿನ್ ತಲ್ಹಾರನ್ನು ಕರೆದು ಕೀಲಿಕೈಯನ್ನು ಅವರಿಗೇ ಹಿಂದಿರುಗಿಸಿದರು. ಅಮಾನತ್‌ಗಳನ್ನು, ಅಂದರೆ ನಂಬಿ ಒಪ್ಪಿಸಿದವುಗಳನ್ನು, ಅವುಗಳ ಹಕ್ಕುದಾರರಿಗೇ ತಲುಪಿಸಬೇಕು ಎಂದು ಆಜ್ಞಾಪಿಸುವ ಸೂರಃ ಅನ್ನಿಸಾದ 58ನೇ ಆಯತ್‌ನ ವಿವರಣೆಯಲ್ಲಿ ಮುಫಸ್ಸಿರ್‌ಗಳು ಈ ಘಟನೆಯನ್ನು ಹೇಳುತ್ತಾರೆ. ಇಂದಿಗೂ ಆ ಕೀಲಿಕೈ ಅದೇ ಬನೂ ಶೈಬಾ ಮನೆತನದ ಬಳಿಯೇ ಇದೆ.

ಇಂದು ಈ ಘಟನೆಯನ್ನು ನೆನಪಿಸಲು ಕಾರಣವಿದೆ. ನಮ್ಮ ಪ್ರತಿಯೊಬ್ಬರ ಜೇಬಿನಲ್ಲೂ ಈಗ ಹತ್ತಾರು ಕೀಲಿಕೈಗಳಿವೆ. ಫೋನಿಗೆ ಬರುವ ಒಟಿಪಿ ಒಂದು ಕೀಲಿಕೈ. ಯುಪಿಐ ಪಿನ್, ಎಟಿಎಂ ಕಾರ್ಡ್, ಸಿಮ್, ಆಧಾರ್ ಸಂಖ್ಯೆ, ನಮ್ಮ ಹೆಬ್ಬೆರಳಿನ ಗುರುತು ಕೂಡ ಕೀಲಿಕೈಗಳೇ. ಹಿಂದೆ ಕಳ್ಳ ಬರಬೇಕಾದರೆ ರಾತ್ರಿಯಾಗಬೇಕಿತ್ತು, ಹೆಂಚು ತೆಗೆಯಬೇಕಿತ್ತು, ನಾಯಿ ಬೊಗಳುತ್ತಿತ್ತು. ಈಗ ಅವನು ಹಗಲಿನಲ್ಲೇ ಸಲಾಂ ಹೇಳಿಕೊಂಡು ಬರುತ್ತಾನೆ, ಕೀಲಿಕೈಯನ್ನು ನಮ್ಮ ಕೈಯಿಂದಲೇ ಪಡೆದುಕೊಳ್ಳುತ್ತಾನೆ.

ಕೆಲವರು ಹೇಳುವುದುಂಟು: ಉಸ್ತಾದರೇ, ರಿಝ್ಕ್ ಕೊಡುವವನು ಅಲ್ಲಾಹು, ಕಾಯುವವನೂ ಅವನೇ, ಇಷ್ಟೆಲ್ಲ ಹೆದರಬೇಕೆ? ಒಂಟೆಯನ್ನು ಕಟ್ಟಿ ತವಕ್ಕುಲ್ ಮಾಡಬೇಕೋ ಬಿಟ್ಟು ಮಾಡಬೇಕೋ ಎಂದು ಕೇಳಿದವರಿಗೆ, ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂಬ ಅರ್ಥದ ಉತ್ತರವನ್ನು ಪ್ರವಾದಿ(ಸ) ಕೊಟ್ಟರೆಂದು ತಿರ್ಮಿದಿಯಲ್ಲಿದೆ. ನಮ್ಮ ಮನೆಗಳಲ್ಲಿ ಇರುವುದು ಗಲ್ಫಿನ ಬಿಸಿಲಲ್ಲಿ ಬೆವರು ಸುರಿಸಿದವನ ಹಣ, ಅಡಿಕೆ ಸುಲಿದ, ರಬ್ಬರ್ ಟ್ಯಾಪಿಂಗ್ ಮಾಡಿದ, ಬೀಡಿ ಕಟ್ಟಿದ ಕೈಗಳ ಹಣ. ಅದನ್ನು ಕಾಯುವುದು ದುನಿಯಾದ ಆಸೆಯಲ್ಲ, ದೀನಿನ ಹೊಣೆ.

ಹಾಗೆಂದು ಹಣ ಕಳೆದುಕೊಂಡವರೆಲ್ಲ ಅಜಾಗರೂಕರು ಎಂದು ತಿಳಿಯಬೇಡಿ. 2023ರಲ್ಲಿ ನಮ್ಮ ಜಿಲ್ಲೆಯಲ್ಲೇ, ಮಂಗಳೂರಿನ ಕಡೆ, ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರ ಖಾತೆಯಿಂದ ಹಣ ಹೋಯಿತು. ಅವರಿಗೆ ಯಾವ ಕರೆಯೂ ಬಂದಿರಲಿಲ್ಲ, ಯಾರಿಗೂ ಅವರು ಒಟಿಪಿ ಹೇಳಿರಲಿಲ್ಲ. ನೋಂದಣಿ ದಾಖಲೆಯಲ್ಲಿದ್ದ ಹೆಬ್ಬೆರಳ ಗುರುತು ಮತ್ತು ಆಧಾರ್ ಸಂಖ್ಯೆಯನ್ನು ಬಳಸಿ, ಹಳ್ಳಿಯ ಜನರಿಗೆ ಅನುಕೂಲವಾಗಲೆಂದು ಮಾಡಿದ ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗಿತ್ತು. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಆಗ ಪೊಲೀಸರೇ ಜನರಿಗೆ ತಿಳಿಸಿದರು. ಪುತ್ತೂರು, ಸುಳ್ಯ, ಕಡಬದಲ್ಲಿ ಜಾಗ ಮಾರಿದವರು, ಕೊಂಡವರು, ಪಾಲುಪಟ್ಟಿ ಮಾಡಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆಧಾರ್ ಆ್ಯಪಿನಲ್ಲಿ ಆ ಬೀಗ ಹಾಕಲು ಐದು ನಿಮಿಷ ಸಾಕು. ಬೇಕಾದಾಗ ತೆರೆಯಲೂ ಬರುತ್ತದೆ.

ಉಳಿದ ಬೀಗಗಳನ್ನೂ ಚುಟುಕಾಗಿ ಹೇಳುತ್ತೇನೆ. ಯುಪಿಐ ಪಿನ್ ಹಾಕುವುದು ಹಣ ಕೊಡುವುದಕ್ಕೆ. ಹಣ ಬರುವುದಕ್ಕೆ ಪಿನ್ ಬೇಡ. ವಾಟ್ಸ್ಆ್ಯಪಿನಲ್ಲಿ ಮದುವೆಯ ಕಾಗದವೆಂದೋ ವಾಹನದ ದಂಡದ ಚಲನ್ ಎಂದೋ ಬರುವ ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಕಾಗದವಲ್ಲ, ಆ್ಯಪ್. ಒತ್ತಿದರೆ ನಿಮ್ಮ ಫೋನಿನ ಮೆಸೇಜುಗಳನ್ನು ಓದುವವನು ಒಳಗೆ ಬಂದು ಕೂರುತ್ತಾನೆ. ಪರಿಚಯದವರ ನಂಬರಿನಿಂದ ಬಂದರೂ ಒತ್ತಬೇಡಿ, ಏಕೆಂದರೆ ಅವರ ಫೋನ್ ಮೊದಲೇ ಕಳ್ಳನ ಕೈ ಸೇರಿರಬಹುದು. ಪೊಲೀಸ್ ಸಮವಸ್ತ್ರ ಹಾಕಿಕೊಂಡು ವೀಡಿಯೊ ಕರೆಯಲ್ಲಿ ಬಂದು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎನ್ನುವವನು ಪೊಲೀಸನಲ್ಲ. ಅಂಥ ಬಂಧನ ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ತಮ್ಮ ರೇಡಿಯೊ ಭಾಷಣದಲ್ಲಿ ಈ ಮೋಸದ ಬಗ್ಗೆ ಹೇಳುವಾಗ ಕೇಳಿಸಿದ ಧ್ವನಿ ನಮ್ಮ ರಾಜ್ಯದ ವಿಜಯಪುರದವರೊಬ್ಬರ ಕರೆಯದ್ದು. ನಮ್ಮ ಸಮುದಾಯದಲ್ಲಿ ಪೊಲೀಸ್, ಕೇಸು ಎಂಬ ಶಬ್ದ ಕೇಳಿದರೇ ನಾಲಗೆ ಒಣಗುವವರು ಹೆಚ್ಚು. ಕಳ್ಳನಿಗೂ ಅದು ಗೊತ್ತು. ಕರೆ ಕಡಿದು, ಮನೆಯವರಿಗೆ ಹೇಳಿ, ಹತ್ತಿರದ ಠಾಣೆಗೆ ನಡೆದೇ ಹೋಗಿ. ನಿಜವಾದ ಠಾಣೆಗೆ ಹೋದವನಿಗೆ ಸುಳ್ಳು ಪೊಲೀಸನ ಭಯ ಉಳಿಯುವುದಿಲ್ಲ.

ಸಹೋದರರೇ, ಇದುವರೆಗೆ ಹೇಳಿದ್ದು ಮೋಸ ಹೋಗುವವರ ಮಾತು. ಇನ್ನು ಹೇಳುವುದು ಹೆಚ್ಚು ಕಹಿಯಾದದ್ದು: ಮೋಸಕ್ಕೆ ಕೀಲಿಕೈ ಒದಗಿಸುವವರ ಮಾತು.

ಕಾಲೇಜು ಕಲಿಯುವ, ಅಥವಾ ಕಲಿತು ಕೆಲಸ ಸಿಗದೆ ಕುಳಿತ ಹುಡುಗನ ಬಳಿ ಒಬ್ಬ ಸ್ನೇಹಿತ ಬರುತ್ತಾನೆ. ನಿನ್ನ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ತೆರೆದುಕೊಡು, ಪಾಸ್‌ಬುಕ್, ಎಟಿಎಂ ಕಾರ್ಡ್, ಖಾತೆಗೆ ಜೋಡಿಸಿದ ಸಿಮ್ ಕೊಡು, ಕೆಲವು ಸಾವಿರ ರೂಪಾಯಿ ನಿನಗೆ ಎನ್ನುತ್ತಾನೆ. ಹುಡುಗ ಯೋಚಿಸುತ್ತಾನೆ: ನನ್ನ ಖಾತೆಯಲ್ಲಿ ನನ್ನ ಹಣವೇ ಇಲ್ಲ, ಹೋಗುವುದೇನು? ಮುಂದೆ ನಡೆಯುವುದು ಇಷ್ಟು. ಎಲ್ಲಿಯೋ ಒಬ್ಬ ನಿವೃತ್ತ ಶಿಕ್ಷಕರು, ಒಬ್ಬ ವಿಧವೆ, ಮಗಳ ಮದುವೆಗೆ ಕೂಡಿಟ್ಟ ಒಬ್ಬ ತಂದೆ ಮೋಸ ಹೋಗುತ್ತಾರೆ. ಆ ಹಣ ಮೊದಲು ಬಂದು ಬೀಳುವುದು ಈ ಹುಡುಗನ ಖಾತೆಗೆ. ಅಲ್ಲಿಂದ ನಿಮಿಷಗಳಲ್ಲಿ ಅದು ಹತ್ತು ಖಾತೆಗೆ ಹರಿದು ಮಾಯವಾಗುತ್ತದೆ. ಇಂಥ ಬಾಡಿಗೆ ಖಾತೆಗಳಿಗೆ ಪೊಲೀಸರ ಭಾಷೆಯಲ್ಲಿ ಮ್ಯೂಲ್ ಖಾತೆ ಎನ್ನುತ್ತಾರೆ. ಮ್ಯೂಲ್ ಎಂದರೆ ಹೇಸರಗತ್ತೆ, ಬೇರೆಯವರ ಭಾರ ಹೊರುವ ಪ್ರಾಣಿ. ಮೋಸ ಮಾಡಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಇರುವುದು ಹುಡುಗನ ಹೆಸರು, ಅವನ ಆಧಾರ್, ಅವನ ಫೋಟೊ. ಬೇರೆ ರಾಜ್ಯದ ಪೊಲೀಸರು ಬಂದು ಬಾಗಿಲು ತಟ್ಟುವುದು ಅವನ ಉಮ್ಮನ ಮನೆಯದ್ದು.

ಪ್ರವಾದಿ(ಸ)ರವರು ರೋಮ್ ಮುಂತಾದ ದೇಶಗಳ ಅರಸರಿಗೆ ಪತ್ರ ಬರೆಯಲು ಬಯಸಿದಾಗ, ಮುದ್ರೆಯಿಲ್ಲದ ಪತ್ರವನ್ನು ಅವರು ಒಪ್ಪುವುದಿಲ್ಲ ಎಂದು ಸಹಾಬಿಗಳು ತಿಳಿಸಿದರು. ಆಗ ಪ್ರವಾದಿಯವರು ತಮ್ಮ ಹೆಸರು ಕೆತ್ತಿದ ಬೆಳ್ಳಿಯ ಉಂಗುರ ಮಾಡಿಸಿಕೊಂಡರು. ಅದೇ ಕೆತ್ತನೆಯನ್ನು ಬೇರೆ ಯಾರೂ ತಮ್ಮ ಉಂಗುರದಲ್ಲಿ ಮಾಡಿಸಬಾರದೆಂದು ತಡೆದರು. ಒಬ್ಬನ ಮುದ್ರೆ ಇನ್ನೊಬ್ಬನ ಕೈಯಲ್ಲಿದ್ದರೆ ಯಾವ ಪತ್ರ ಯಾರದ್ದೆಂದು ಹೇಳುವವರಾರು? ಮುಂದೆ ಉಸ್ಮಾನ್ ಬಿನ್ ಅಫ್ಫಾನ್(ರ)ರವರ ಕಾಲದಲ್ಲಿ ಆ ಉಂಗುರ ಅರೀಸ್ ಎಂಬ ಬಾವಿಗೆ ಬಿದ್ದಾಗ, ಬಾವಿಯ ನೀರು ತೋಡಿಸಿ ಮೂರು ದಿನ ಹುಡುಕಿದರು ಎಂದು ಬುಖಾರಿಯಲ್ಲಿದೆ. ನಿಮ್ಮ ಹೆಸರಿನ ಖಾತೆ, ನಿಮ್ಮ ಹೆಸರಿನ ಸಿಮ್ ನಿಮ್ಮ ಮುದ್ರೆಯುಂಗುರ. ಅದು ಕಳೆದುಹೋದರೆ ಹುಡುಕಬೇಕಾದವರು ನಾವು. ಬಾಡಿಗೆಗೆ ಕೊಡುವುದು ಎಲ್ಲಿಯ ಮಾತು?

ನನಗೆ ಗೊತ್ತಿರಲಿಲ್ಲ ಎಂಬ ಮಾತು ಎಷ್ಟು ದೂರ ನಡೆದೀತು? ಏನೂ ಕೆಲಸ ಮಾಡದೆ, ಬರೀ ಕಾರ್ಡ್ ಕೊಟ್ಟದ್ದಕ್ಕೆ ಯಾರಾದರೂ ಸಾವಿರಾರು ರೂಪಾಯಿ ಕೊಡುತ್ತಾರೆಂದರೆ ಕೇಳಬೇಕಾದ ಪ್ರಶ್ನೆ ಅಲ್ಲೇ ಇತ್ತು. ಪಾಪದಲ್ಲಿ ಪರಸ್ಪರ ನೆರವಾಗಬಾರದೆಂದು ಸೂರಃ ಅಲ್ ಮಾಇದಃದ ಆರಂಭದಲ್ಲೇ ಆಜ್ಞೆಯಿದೆ. ಇನ್ನು ಕೆಲವರು, ಹೋದದ್ದು ನಮ್ಮವರ ಹಣವಲ್ಲವಲ್ಲ ಎಂದು ಪಿಸುಗುಟ್ಟುವುದೂ ಉಂಟು. ಅವರು ಹಿಜ್ರಾದ ರಾತ್ರಿಯನ್ನು ನೆನೆಯಲಿ. ಕೊಲ್ಲಲು ಸಂಚು ಮಾಡಿದ ಖುರೈಶರ ವಸ್ತುಗಳೂ ಪ್ರವಾದಿಯವರ ಬಳಿ ಅಮಾನತ್ ಆಗಿದ್ದವು. ಅವುಗಳನ್ನು ಹಿಂದಿರುಗಿಸಲೆಂದೇ ಅವರು ಅಲೀ(ರ)ರವರನ್ನು ಮಕ್ಕಾದಲ್ಲಿ ಉಳಿಸಿ ಹೋದರು. ಪ್ರಾಣ ತೆಗೆಯಲು ಬಂದವರ ಸೊತ್ತಿಗೂ ಕೈ ಹಚ್ಚದ ಪ್ರವಾದಿಯ ಉಮ್ಮತ್ ನಾವು.

ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ, ಇನ್ನೊಬ್ಬರ ಸೊತ್ತು ತಿಂದ ಕಾರಣಕ್ಕೆ ತನ್ನ ಪುಣ್ಯವನ್ನೆಲ್ಲ ಅವರಿಗೆ ಕೊಟ್ಟು ಖಿಯಾಮತ್ ದಿನ ಬರಿಗೈಯಲ್ಲಿ ನಿಲ್ಲುವವನೇ ನಿಜವಾದ ದಿವಾಳಿ ಎಂದು ಮುಸ್ಲಿಮ್ ವರದಿ ಮಾಡಿದ ಹದೀಸಿನ ಸಾರ. ಆ ಖಾತೆಯನ್ನು ಬೇರೆ ಯಾರ ಹೆಸರಿಗೂ ಬರೆಸಲಾಗದು. ಈಗಾಗಲೇ ಖಾತೆ ಕೊಟ್ಟವರಿದ್ದರೆ ತೌಬಾದ ಬಾಗಿಲು ತೆರೆದಿದೆ. ಆದರೆ ಜನರ ಹಕ್ಕಿನ ವಿಷಯದಲ್ಲಿ ಬರೀ ನಾಲಗೆಯ ತೌಬಾ ಸಾಲದು. ಬ್ಯಾಂಕಿಗೆ ಹೋಗಿ ಖಾತೆ ನಿಲ್ಲಿಸಬೇಕು, ವಕೀಲರ ಸಲಹೆ ಪಡೆದು ಪೊಲೀಸರಿಗೆ ತಿಳಿಸಬೇಕು, ಪಡೆದ ಹಣ ಬಿಟ್ಟುಕೊಡಬೇಕು. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ವಿದೇಶದ ಕೆಲಸದ ಆಸೆಯಲ್ಲಿರುವ ಯುವಕರಿಗೂ ಒಂದು ಮಾತು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ಕರೆದೊಯ್ದು ಮ್ಯಾನ್ಮಾರ್‌ನ ಗಡಿಯೊಳಗೆ ಕೂಡಿಹಾಕಿ, ಜನರಿಗೆ ಮೋಸ ಮಾಡುವ ಕೆಲಸಕ್ಕೆ ಹಚ್ಚಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಸೇನೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಗಲ್ಫಿಗೆ ಹೋಗುವಾಗ ಏಜೆಂಟನ ಬಗ್ಗೆ ನಾಲ್ಕು ಜನರನ್ನು ಕೇಳುತ್ತಿದ್ದ ನಾವು, ಟೆಲಿಗ್ರಾಮಿನಲ್ಲಿ ಬಂದ ಕೆಲಸಕ್ಕೆ ಯಾರನ್ನೂ ಕೇಳದೆ ಪಾಸ್‌ಪೋರ್ಟ್ ಕೊಡಬಾರದು.

ಇನ್ನೊಬ್ಬರ ಕೀಲಿಕೈ ನಮ್ಮ ಬಳಿ ಇರುವುದೂ ಉಂಟು. ಜಮಾಅತ್ ಕಮಿಟಿಗಳು, ಸಂಘಟನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಸಹಾಯಧನಕ್ಕೆಂದು, ವಿದ್ಯಾರ್ಥಿವೇತನಕ್ಕೆಂದು ಬಡವರು ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿ ತಂದುಕೊಡುತ್ತಾರೆ. ಅವು ಆಫೀಸಿನ ತೆರೆದ ಕಪಾಟಿನಲ್ಲಿ ಬಿದ್ದಿರಬಾರದು. ಝಕಾತ್ ಪಡೆದವರ ಹೆಸರು, ಖಾತೆ ಸಂಖ್ಯೆಯ ಪಟ್ಟಿಯನ್ನು ಲೆಕ್ಕ ಒಪ್ಪಿಸುವ ನೆಪದಲ್ಲಿ ಗ್ರೂಪಿಗೆ ಹಾಕಬಾರದು. ಕಿಟ್ ಪಡೆಯುವ ಉಮ್ಮಂದಿರ ಫೋಟೊ ಹಾಕುವುದು ಕೊಟ್ಟದ್ದನ್ನು ಎತ್ತಿ ಆಡಿದಂತೆಯೇ. ಲೆಕ್ಕ ಬೇಕು, ಆದರೆ ಮೊತ್ತದ ಲೆಕ್ಕ ಸಾಕು. ಬಡವನ ಮುಖದ ಲೆಕ್ಕ ಬೇಡ.

ಒಬ್ಬನು ಮಾತಾಡುವಾಗ ಅತ್ತಿತ್ತ ತಿರುಗಿ ನೋಡಿದರೆ ಸಾಕು, ಆ ಮಾತು ಕೇಳಿದವನ ಬಳಿ ಅಮಾನತ್ ಎಂದು ಹದೀಸ್ ಕಲಿಸುತ್ತದೆ. ಗುಟ್ಟಾಗಿರಲಿ ಎಂದು ಬಾಯಿಬಿಟ್ಟು ಹೇಳಬೇಕೆಂದೂ ಇಲ್ಲ. ಹಾಗಿರುವಾಗ ಒಬ್ಬರಿಗೆಂದು ಕಳಿಸಿದ ವಾಯ್ಸ್ ಅನ್ನು ಹತ್ತು ಕಡೆ ಕೇಳಿಸುವುದು, ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದು ಹಂಚುವುದು, ಒಡಹುಟ್ಟಿದವಳ ಫೋನನ್ನು ಕದ್ದು ನೋಡುವುದು ಯಾವ ಲೆಕ್ಕಕ್ಕೆ ಸೇರೀತು? ಪ್ರವಾದಿಯವರ ಕೋಣೆಯ ಬಾಗಿಲ ಸಂದಿನಿಂದ ಇಣುಕಿದವನಿಗೆ, ಅನುಮತಿ ಕೇಳುವ ನಿಯಮ ಇರುವುದೇ ಕಣ್ಣಿನ ಕಾರಣಕ್ಕೆ ಎಂದು ಅವರು ಎಚ್ಚರಿಸಿದ್ದರು. ಫೋನಿನ ಪರದೆಯೂ ಒಂದು ಬಾಗಿಲು.

ಕೊನೆಯದಾಗಿ, ಮೋಸ ನಡೆದುಹೋದರೆ ಏನು ಮಾಡಬೇಕು? ಮೊದಲ ಗಂಟೆಯಲ್ಲೇ 1930ಕ್ಕೆ ಕರೆ ಮಾಡಿ, ಜೊತೆಗೆ ಬ್ಯಾಂಕಿಗೆ ತಿಳಿಸಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅದನ್ನು ಅಲ್ಲೇ ತಡೆಹಿಡಿಯುವ ವ್ಯವಸ್ಥೆ ಅದರ ಹಿಂದಿದೆ. ತಡವಾದಷ್ಟೂ ಹಣ ದೂರ ಹೋಗುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯೂ ಹೀಗೆಯೇ ಹೇಳಿತ್ತು: ಗ್ರಾಹಕನ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಮೇಲೆ ಹೊಣೆಯಿಲ್ಲ.

ಆದರೆ ನಮ್ಮಲ್ಲಿ ಎಷ್ಟೋ ಮಂದಿ ಆ ಗಂಟೆಯನ್ನು ನಾಚಿಕೆಯಲ್ಲಿ ಕಳೆಯುತ್ತಾರೆ. ಗಂಡನಿಗೆ ಗೊತ್ತಾದರೆ, ಉಪ್ಪನಿಗೆ ಗೊತ್ತಾದರೆ, ಊರಿಗೆ ಗೊತ್ತಾದರೆ ಎಂಬ ಭಯ. ವೀಡಿಯೊ ಕರೆಯಲ್ಲಿ ಸಿಕ್ಕಿಬಿದ್ದು, ಚಿತ್ರ ಹಂಚುತ್ತೇನೆಂಬ ಬೆದರಿಕೆಗೆ ಒಳಗಾದ ಹುಡುಗನಾಗಲಿ ಹುಡುಗಿಯಾಗಲಿ ಈ ಭಯದಲ್ಲೇ ಒಳಗೊಳಗೆ ಬೇಯುತ್ತಾರೆ. ತಂದೆತಾಯಿಯರೇ, ಮಕ್ಕಳು ತಪ್ಪು ಮಾಡಿದಾಗಲೂ ಮೊದಲು ಬಂದು ಹೇಳುವ ಜಾಗ ನಮ್ಮ ಮನೆಯಾಗಿರಲಿ. ಗದರುವುದಕ್ಕೆ ನಾಳೆಯೂ ದಿನವಿದೆ, ಕಾಪಾಡುವುದಕ್ಕೆ ಇಂದೇ. ಮುಸ್ಲಿಮನ ಕೊರತೆಯನ್ನು ಮುಚ್ಚಿದವನ ಕೊರತೆಯನ್ನು ಅಲ್ಲಾಹು ಮುಚ್ಚುವನೆಂಬ ಶುಭವಾರ್ತೆ ನಮಗಿದೆ.

ಇಂದು ರಾತ್ರಿ ಇಶಾದ ನಂತರ ಮನೆಯ ಒಬ್ಬ ಯುವಕ, ಒಬ್ಬ ಯುವತಿ ಉಮ್ಮನ ಹತ್ತಿರ, ಅಜ್ಜನ ಹತ್ತಿರ ಕುಳಿತುಕೊಳ್ಳಲಿ. ಬಯೋಮೆಟ್ರಿಕ್ ಲಾಕ್ ಮಾಡಿಕೊಡಲಿ, 1930 ಎಂಬ ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಡಲಿ. ಅವರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ಮೂರು ಸಲ ಉತ್ತರಿಸಲಿ. ನಮಗೆ ಮಾತು ಕಲಿಸುವಾಗ ಅವರು ಎಣಿಸಿರಲಿಲ್ಲ.

ನಮ್ಮ ಕೈಗೆ ಬಂದ ಪ್ರತಿಯೊಂದು ಅಮಾನತ್ತನ್ನೂ ಅದರ ಹಕ್ಕುದಾರರಿಗೆ ತಲುಪಿಸುವ ತೌಫೀಕನ್ನು ಅಲ್ಲಾಹು ನಮಗೆ ನೀಡಲಿ. ಹರಾಮಿನ ತುತ್ತಿನಿಂದ ನಮ್ಮ ಮಕ್ಕಳನ್ನು ಕಾಪಾಡಲಿ. ವಂಚನೆಗೊಳಗಾದವರಿಗೆ ಕಳೆದದ್ದಕ್ಕಿಂತ ಉತ್ತಮವಾದುದನ್ನು ಕರುಣಿಸಲಿ. ಆಮೀನ್.