ಸಾವಿರದ ನಾನೂರ ಇಪ್ಪತ್ತು ರೂಪಾಯಿಯ ವಿಶ್ರಾಂತಿ

(ಮಂಗಳೂರಿನಲ್ಲಿ ನಡೆದ ನಿವೃತ್ತ ಕಾರ್ಮಿಕರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿವೃತ್ತ ಬದುಕಿನ ಕುರಿತು ಮಾತನಾಡಲು ಮೂವತ್ತರ ಹರೆಯದ ನನ್ನನ್ನು ಕರೆದಿದ್ದೀರಿ. ಇದೊಂದು ವಿಚಿತ್ರ ಆಯ್ಕೆ. ಮದ್ರಸದಲ್ಲಿ ಕಲಿತವನು ನಾನು. ಬಳಿಕ ಬಿ.ಎ. ಮುಗಿಸಿ ಪತ್ರಿಕೆಯ ಕೆಲಸಕ್ಕೆ ಸೇರಿದೆ. ಪಿಂಚಣಿಯ ಬಗ್ಗೆ ನನಗೆ ಗೊತ್ತಿರುವುದಕ್ಕಿಂತ ನಾನು ಬರೆದಿರುವುದೇ ಹೆಚ್ಚು. ಆದ್ದರಿಂದ ಬರೆದದ್ದನ್ನು ಬದಿಗಿಟ್ಟು, ನಮ್ಮ ಮನೆಯಲ್ಲಿಯೇ ಇರುವ ಓರ್ವ ನಿವೃತ್ತರ ಬಗ್ಗೆ ಹೇಳುತ್ತೇನೆ. ಅವರು ನನ್ನ ತಂದೆ.

ತಂದೆ ಹಂಚಿನ ಕಾರ್ಖಾನೆಯೊಂದರಲ್ಲಿ ದುಡಿದವರು. ಹದಿಹರೆಯದಲ್ಲಿ ಮಣ್ಣು ಹೊರಲು ಸೇರಿದರು. ಅಚ್ಚಿನ ಯಂತ್ರದ ಬಳಿ ಕೆಲವು ವರ್ಷ ಕಳೆದು ಕೊನೆಗೆ ಭಟ್ಟಿಯ ಉಸ್ತುವಾರಿಗೆ ಬಂದರು. 2009ರ ಜೂನ್‌ನಲ್ಲಿ 58 ತುಂಬಿತು. ಒಂದು ಶಾಲು, ಒಂದು ಗೋಡೆ ಗಡಿಯಾರ, ಒಂದು ಫೋಟೋ. ಆ ಗಡಿಯಾರ ಈಗಲೂ ಓಡುತ್ತಿದೆ. ಕಾರ್ಖಾನೆ ಮಾತ್ರ ನಿಂತುಹೋಗಿದೆ.

ಅವರ ಪಿಂಚಣಿ ತಿಂಗಳಿಗೆ 1,420 ರೂಪಾಯಿ. ಈ ಅಂಕಿ ಎಲ್ಲಿಂದ ಬಂತೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಲ್ಲಿರುವ ಅನೇಕರಿಗೂ ಗೊತ್ತಿರಲಾರದು. ಆದ್ದರಿಂದ ಒಮ್ಮೆ ಲೆಕ್ಕ ಹಾಕೋಣ. ಕಾರ್ಮಿಕರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ತಂದೆಯ ವೇತನ 5,000. 1995ರ ನಂತರದ ಸೇವೆ 14 ವರ್ಷ. ಗುಣಿಸಿದರೆ 70,000, ಭಾಗಿಸಿದರೆ ಸರಿಯಾಗಿ 1,000. ಅದಕ್ಕಿಂತ ಮುಂಚಿನ ಎರಡೂವರೆ ದಶಕಗಳ ಬೆವರಿಗೆ ಪ್ರತ್ಯೇಕ ಕೋಷ್ಟಕವಿದೆ. ಅದರಂತೆ 420. ಯೌವನ ಪೂರ್ತಿ ಭಟ್ಟಿಯ ಮುಂದೆ ಕಳೆದುದರ ಬೆಲೆ ದಿನಕ್ಕೆ ಹದಿನಾಲ್ಕು ರೂಪಾಯಿ!

ಮೊತ್ತ ಚಿಕ್ಕದು ಎಂಬುದಷ್ಟೇ ಇಲ್ಲಿಯ ಸಮಸ್ಯೆಯಲ್ಲ, ಅದು ಕದಲುವುದೂ ಇಲ್ಲ. ಸರಕಾರಿ ಪಿಂಚಣಿದಾರರಿಗೆ ತುಟ್ಟಿಭತ್ಯೆ ಇದೆ, ಬೆಲೆ ಏರಿದರೆ ಅವರ ಪಿಂಚಣಿಯೂ ಕಿಂಚಿತ್ತಾದರೂ ಏರುತ್ತದೆ. ಅದು ಅವರ ಹಕ್ಕು, ಅದರ ಬಗ್ಗೆ ಅಸೂಯೆಪಡಬೇಕಾದ ಅಗತ್ಯವಿಲ್ಲ. ಆದರೆ ನಮ್ಮ ಈ ಯೋಜನೆಯಲ್ಲಿ ತುಟ್ಟಿಭತ್ಯೆಯೇ ಇಲ್ಲ. 2009ರಲ್ಲಿ ಬಂದ 1,420 ರೂಪಾಯಿ ಇಂದಿಗೂ 1,420 ರೂಪಾಯಿಯೇ. ತಂದೆಯ ಬಳಿ ಒಂದು ಲೆಕ್ಕದ ಪುಸ್ತಕವಿದೆ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಬೂತಾಯಿ, ಮಾತ್ರೆ, ಕರೆಂಟು ಬಿಲ್ಲು ಎಲ್ಲವೂ ಅದರಲ್ಲಿವೆ. ಎಡಬದಿಯ ಪುಟದಲ್ಲಿ ಆದಾಯ, ಬಲಬದಿಯಲ್ಲಿ ಖರ್ಚು. ಬಲಬದಿಯ ಅಂಕಿಗಳು ವರ್ಷದಿಂದ ವರ್ಷಕ್ಕೆ ಬೆಳೆದಿವೆ. ಎಡಬದಿಯಲ್ಲಿ ಅದೇ ಒಂದು ಸಂಖ್ಯೆ. 2023ರ ಮಾರ್ಚ್‌ನಲ್ಲಿ ಅಡುಗೆ ಅನಿಲದ ಸಿಲಿಂಡರಿನ ದರ 1,100 ದಾಟಿತಲ್ಲ, ಆ ತಿಂಗಳ ಪುಟದಲ್ಲಿ ಅವರು ಒಂದೇ ಸಾಲು ಬರೆದಿದ್ದಾರೆ: ಗ್ಯಾಸ್ ಬಂತು, ಪಿಂಚಣಿ ಹೋಯಿತು.

ಅದೇ ವರ್ಷದ ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ತಾಯಿಯ ಖಾತೆಗೆ ಎರಡು ಸಾವಿರ ಬಿತ್ತು. ತಂದೆ ನಕ್ಕು, "ಇನ್ನು ಮನೆಯ ದೊಡ್ಡ ಸಂಪಾದನೆ ನಿನ್ನ ಉಮ್ಮನದ್ದು, ನನಗೇನಾದರೂ ಬೇಕಿದ್ದರೆ ಅವಳಲ್ಲಿ ಅರ್ಜಿ ಹಾಕಬೇಕು" ಎಂದರು. ಆ ನಗುವಿನಲ್ಲಿ ಎಷ್ಟು ಪಾಲು ನಗುವಿತ್ತೆಂದು ಹೇಳುವುದು ಕಷ್ಟ. ಅಂದಹಾಗೆ ತಾಯಿ ಬೀಡಿ ಕಟ್ಟಿದವರು. ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡೇ ನಮ್ಮನ್ನು ಬೆಳೆಸಿದರು. ಅವರಿಗೆ ಶಾಲು ಹೊದಿಸಿದವರಿಲ್ಲ, ಯಾಕೆಂದರೆ ಅವರು ಇನ್ನೂ ನಿವೃತ್ತರಾಗಿಲ್ಲ. ಬೀಡಿಯಿಂದ ಬಿಡುಗಡೆ ಸಿಕ್ಕಿತು, ಅಡುಗೆ ಕೋಣೆಯಿಂದ ಸಿಗಲಿಲ್ಲ. ನಿವೃತ್ತಿಯ ಕುರಿತ ನಮ್ಮ ಚರ್ಚೆಗಳೆಲ್ಲ ಗಂಡಸರ ಚರ್ಚೆಗಳು ಎಂಬುದನ್ನು ಈ ಸಭೆಯ ಮುಂದಿನ ಸಾಲುಗಳನ್ನು ನೋಡಿದರೇ ತಿಳಿಯುತ್ತದೆ.

ಇನ್ನು ತಂದೆಯ ಹವ್ಯಾಸದ ವಿಷಯ. ಅವರು ಹಳೆಯ ಹಂಚುಗಳನ್ನು ಸಂಗ್ರಹಿಸುತ್ತಾರೆ. ನಮ್ಮೂರುಗಳಲ್ಲಿ ಹಂಚಿನ ಮನೆಗಳು ಉರುಳುತ್ತಿರುವುದನ್ನು ನೀವೆಲ್ಲ ನೋಡುತ್ತಿದ್ದೀರಿ. ಕೊಲ್ಲಿಯಲ್ಲಿರುವ ಮಗ ಹಣ ಕಳುಹಿಸುತ್ತಾನೆ, ಜೆಸಿಬಿ ಬರುತ್ತದೆ, ಆರು ತಿಂಗಳಲ್ಲಿ ತಾರಸಿ ಮನೆ ಎದ್ದು ನಿಲ್ಲುತ್ತದೆ. ಮನೆ ಕೆಡಹುವ ಸುದ್ದಿ ಸಿಕ್ಕಿದರೆ ಸಾಕು, ತಂದೆ ಒಂದು ಗೋಣಿಚೀಲ ಹಿಡಿದು ಅಲ್ಲಿ ಹಾಜರು. ಹಂಚನ್ನು ಮಗುಚಿ ಹಿಂಬದಿಯ ಅಕ್ಷರಗಳನ್ನು ಓದುತ್ತಾರೆ. ಕಾರ್ಖಾನೆಯ ಹೆಸರು, ಊರು, ಮುದ್ರೆ, ಕೆಲವದರಲ್ಲಿ ಇಸವಿ. ಬಳಿಕ ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾರೆ. ಚೆನ್ನಾಗಿ ಬೆಂದ ಹಂಚು ಗಂಟೆಯಂತೆ ನಾದ ಕೊಡುತ್ತದೆ, ಒಳಗೆ ಬಿರುಕಿದ್ದರೆ ಸದ್ದು ಸತ್ತಿರುತ್ತದೆ. ನಮ್ಮ ಬಾವಿಕಟ್ಟೆಯ ಬಳಿ ಈಗ ನಲವತ್ತಕ್ಕೂ ಹೆಚ್ಚು ಹಂಚುಗಳು ಸಾಲಾಗಿ ಒರಗಿಕೊಂಡಿವೆ. ಅಲ್ಲಿ ಚೇಳು ಸೇರಿಕೊಳ್ಳುತ್ತವೆಂದು ತಾಯಿಯ ನಿತ್ಯದ ಆಕ್ಷೇಪ. ನನಗೂ ಅದು ಕೆಲಸವಿಲ್ಲದವರ ಕೆಲಸವೆಂದೇ ಕಾಣುತ್ತಿತ್ತು.

ಒಂದು ದಿನ ನೆಂಟರ ಹುಡುಗನೊಬ್ಬ ಆ ಸಾಲಿನ ಮುಂದೆ ಕುಳಿತು, ಇದೇನು ಎಂದು ಕೇಳಿದ. ತಂದೆ ಒಂದು ಗಂಟೆ ಮಾತನಾಡಿದರು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದದ್ದು, ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಮಣ್ಣು ದೋಣಿಗಳಲ್ಲಿ ಬರುತ್ತಿದ್ದುದು, ಮಂಗಳೂರು ಹಂಚು ಹಡಗೇರಿ ಪರದೇಶಗಳಿಗೆ ಹೋದದ್ದು. ಬಳಿಕ ಒಳ್ಳೆಯ ಮಣ್ಣು ದುರ್ಲಭವಾಯಿತು, ಸೌದೆ ದುಬಾರಿಯಾಯಿತು, ಜನರಿಗೆ ಕಾಂಕ್ರೀಟಿನ ಮೋಹ ಹತ್ತಿತು. ಒಂದೊಂದಾಗಿ ಚಿಮಿಣಿಗಳ ಹೊಗೆ ಆರಿತು. ಇದನ್ನು ಅವರು ನನಗೆ ಯಾವತ್ತೂ ಹೇಳಿರಲಿಲ್ಲ. ಯಾಕೆಂದರೆ ನಾನು ಕೇಳಿರಲಿಲ್ಲ. ಪತ್ರಿಕೆಗಾಗಿ ಎಷ್ಟೋ ಅಪರಿಚಿತರ ಸಂದರ್ಶನ ಮಾಡಿದ್ದೇನೆ ಎಂಬುದನ್ನು ಇಲ್ಲಿ ತಗ್ಗಿದ ದನಿಯಲ್ಲಿ ಸೇರಿಸುತ್ತೇನೆ.

ಹಳೆಯ ದಿನಗಳೇ ಚೆನ್ನಾಗಿದ್ದವು ಎಂದು ವೃದ್ಧರು ಹಲುಬುತ್ತಾರೆಂಬ ಆರೋಪವಿದೆ. ತಂದೆ ಹಾಗೆ ಹೇಳುವುದಿಲ್ಲ. ಭಟ್ಟಿಯ ಕಾವು, ಎದೆಯಲ್ಲಿ ಕೂರುವ ಧೂಳು, ಮಳೆಗಾಲದಲ್ಲಿ ಕೆಲಸವಿಲ್ಲದೆ ಸಾಲ ಮಾಡಿದ್ದು, ಎಲ್ಲವನ್ನೂ ಅವರು ಬಲ್ಲರು. ಆದರೆ ಭಟ್ಟಿಯ ಕಿಂಡಿಯಲ್ಲಿ ಇಣುಕಿ ಬೆಂಕಿಯ ಬಣ್ಣ ನೋಡಿಯೇ, ಇನ್ನೆಷ್ಟು ಸೌದೆ ಬೇಕು ಎಂದು ಹೇಳುತ್ತಿದ್ದವರು ಅವರು. ಅವರ ಒಂದು ಮಾತಿಗೆ ಇಡೀ ಭಟ್ಟಿಯ ಸರಕು ಕಾಯುತ್ತಿತ್ತು. ಈಗ ಮನೆಯಲ್ಲಿ ಫ್ಯಾನು ರಿಪೇರಿಗೂ ಅವರ ಅಭಿಪ್ರಾಯ ಕೇಳುವವರಿಲ್ಲ. "ನೀವು ಆರಾಮವಾಗಿ ಕೂತುಕೊಳ್ಳಿ" ಎನ್ನುತ್ತೇವೆ. ನಾವು ಅದನ್ನು ಸೇವೆಯೆಂದು ಭಾವಿಸಿದ್ದೇವೆ. ಅವರ ಕಿವಿಗೆ ಅದು ಹೇಗೆ ಕೇಳಿಸುತ್ತದೆಂದು ಯೋಚಿಸಿಲ್ಲ.

ಈಗ ನಾನು ಹೇಳಲೇಬೇಕಾದ, ಹೇಳಲು ಮುಜುಗರವಾಗುವ ಪ್ರಸಂಗಕ್ಕೆ ಬರುತ್ತೇನೆ. ಪಿಂಚಣಿದಾರರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಸಾಬೀತುಪಡಿಸಬೇಕು. ಜೀವನ ಪ್ರಮಾಣ ಪತ್ರ ಎನ್ನುತ್ತಾರೆ. 2014ರ ನವೆಂಬರ್‌ನಿಂದ ಇದು ಬೆರಳಚ್ಚಿನ ಮೂಲಕ ಡಿಜಿಟಲ್ ರೂಪದಲ್ಲಿ ನಡೆಯುತ್ತಿದೆ. ತಂದೆ ಒಂದು ಕಚೇರಿಗೆ ಹೋದರು. ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಜೀವಮಾನವಿಡೀ ಮಣ್ಣು, ಬಿಸಿ ಹಂಚು ಹಿಡಿದ ಕೈಗಳಲ್ಲಿ ಗೆರೆಗಳಾದರೂ ಎಲ್ಲಿರಬೇಕು? ಎಣ್ಣೆ ಹಚ್ಚಿಕೊಂಡು ಬನ್ನಿ ಎಂದರಂತೆ. ಎರಡನೆಯ ಸಲ ಹೋದಾಗ ಸರ್ವರ್ ಇಲ್ಲ. ಮೂರನೆಯ ಸಲ ಮತ್ತೆ ಬೆರಳು ತಾಳೆಯಾಗಲಿಲ್ಲ. ಪಿಂಚಣಿ ನಿಂತಿತು. ಐದು ತಿಂಗಳು ನಿಂತಿತು. ತಂದೆ ಯಾರಿಗೂ ಹೇಳಲಿಲ್ಲ.

ನನಗೆ ತಿಳಿದದ್ದು ಆಕಸ್ಮಿಕವಾಗಿ. ಏನನ್ನೋ ಹುಡುಕುವಾಗ ಅವರ ಡಬ್ಬಿಯಲ್ಲಿ ಅರ್ಧ ಮುರಿದ ಮಾತ್ರೆಗಳು ಕಂಡವು. ರಕ್ತದೊತ್ತಡದ್ದು. ದಿನಕ್ಕೆ ಒಂದು ನುಂಗಬೇಕಾದುದನ್ನು ಅರ್ಧ ಮಾಡಿ ಎರಡು ದಿನಕ್ಕೆ ಹಂಚಿಕೊಂಡಿದ್ದರು. ಸಂಜೆ ಹೋಟೆಲಿನಲ್ಲಿ ಗೆಳೆಯರೊಂದಿಗೆ ಕುಡಿಯುತ್ತಿದ್ದ ಚಹಾವೂ ನಿಂತಿತ್ತು. ಕಾಲು ನೋವೆಂದು ಅವರು ಹೇಳಿದ್ದನ್ನು ನಾವು ನಂಬಿದ್ದೆವು. ಕೇಳಿದಾಗ, "ಆ ಕಚೇರಿಯ ಲೆಕ್ಕದಲ್ಲಿ ನಾನು ಸತ್ತಿದ್ದೇನೆ. ಸತ್ತವನಿಗೆ ಬಿ.ಪಿ. ಎಲ್ಲಿಂದ?" ಎಂದರು. ನನ್ನಲ್ಲಿ ಕೇಳಬಹುದಿತ್ತಲ್ಲ ಎಂದೆ. ಅವರು ಉತ್ತರಿಸಲಿಲ್ಲ. ಕೇಳದೆ ಬರುವ 1,420ಕ್ಕೂ, ಕೇಳಿ ಪಡೆಯುವ ಐದು ಸಾವಿರಕ್ಕೂ ಇರುವ ವ್ಯತ್ಯಾಸ ಈ ಸಭೆಯಲ್ಲಿರುವ ಹಿರಿಯರಿಗೆ ನಾನು ವಿವರಿಸಬೇಕಾಗಿಲ್ಲ.

ದುರಂತವೇನೆಂದರೆ, ಪರಿಹಾರ ಬಹಳ ಸುಲಭದ್ದಾಗಿತ್ತು. 2021ರಿಂದಲೇ ಮೊಬೈಲ್ ಕ್ಯಾಮೆರಾದಲ್ಲಿ ಮುಖ ತೋರಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಬಂದಿದೆ. ಅಂಚೆಯಣ್ಣನನ್ನು ಮನೆಗೇ ಕರೆಸಿ ಮಾಡಿಸಬಹುದು. ನಮ್ಮ ಯೋಜನೆಯವರು ನವೆಂಬರಿಗಾಗಿಯೇ ಕಾಯಬೇಕೆಂದೂ ಇಲ್ಲ. ಯಾವ ತಿಂಗಳಲ್ಲಿ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಆ ಕಚೇರಿಯಲ್ಲಿ ಇದನ್ನು ಯಾರೂ ಅವರಿಗೆ ಹೇಳಲಿಲ್ಲ. ಬಾವಿಕಟ್ಟೆಯ ಮೇಲೆ ಅವರನ್ನು ಕುಳ್ಳಿರಿಸಿ, ನನ್ನ ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿದೆ. ಬಾಕಿ ಹಣವೂ ಬಂತು.

ಇದು ಕೇವಲ ನಮ್ಮ ಮನೆಯ ಕಥೆಯಾಗಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಡಿ.ಎಸ್. ನಕಾರಾ ಪ್ರಕರಣದಲ್ಲಿ, ಪಿಂಚಣಿಯೆಂಬುದು ಮಾಲಕರ ಔದಾರ್ಯವಲ್ಲ, ಸಲ್ಲಿಸಿದ ಸೇವೆಗೆ ದಕ್ಕುವ ಹಕ್ಕು ಎಂದು ಸಾರಿತು. ಆ ದಿನವನ್ನು ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆ. ಆದರೆ ಆ ತೀರ್ಪು ಸರಕಾರಿ ನೌಕರರದ್ದು. ಹಂಚು ಸುಟ್ಟವರಿಗೆ, ಬೀಡಿ ಕಟ್ಟಿದವರಿಗೆ, ಗೋಡಂಬಿ ಸುಲಿದವರಿಗೆ ಅದರ ಬೆಳಕು ಎಷ್ಟು ತಲುಪಿತು? ಭಗತ್ ಸಿಂಗ್ ಕೋಶ್ಯಾರಿ ನೇತೃತ್ವದ ರಾಜ್ಯಸಭಾ ಸಮಿತಿಯು 2013ರಲ್ಲಿ ಕನಿಷ್ಠ ಪಿಂಚಣಿ 3,000 ರೂಪಾಯಿ ಆಗಬೇಕೆಂದು ಶಿಫಾರಸು ಮಾಡಿತು. 2014ರ ಸೆಪ್ಟೆಂಬರ್‌ನಲ್ಲಿ ಸರಕಾರ ಕೊಟ್ಟದ್ದು 1,000. ಅದಕ್ಕೆ ಹತ್ತು ವರ್ಷ ತುಂಬಿದಾಗಲೂ ಅಂಕಿ ಅದೇ. ಈ ಅವಧಿಯಲ್ಲಿ ಎರಡೂ ಬಣಗಳ ನಾಯಕರು ಪಿಂಚಣಿದಾರರ ಮನವಿಗಳನ್ನು ನಗುಮುಖದಿಂದ ಸ್ವೀಕರಿಸಿದ್ದಾರೆ. ಫೋಟೋಗಳು ನಮ್ಮ ಪತ್ರಿಕೆಯಲ್ಲೂ ಬಂದಿವೆ. 2022ರ ನವೆಂಬರ್ 4ರ ತೀರ್ಪಿನಿಂದ ಹೆಚ್ಚಿನ ಪಿಂಚಣಿ ಬರಬಹುದೆಂದು ಹಲವರು ನನ್ನಲ್ಲಿ ಕೇಳುತ್ತಾರೆ. 2014ರ ಸೆಪ್ಟೆಂಬರ್ 1ರಂದು ಸೇವೆಯಲ್ಲಿದ್ದು, ಮಿತಿಗಿಂತ ಹೆಚ್ಚಿನ ವೇತನದ ಮೇಲೆ ವಂತಿಗೆ ಕಟ್ಟಿದವರ ವಿಚಾರ ಅದು. ನಮ್ಮಂಥವರಿಗಲ್ಲ. ಅರ್ಜಿ ತುಂಬಿಕೊಡುತ್ತೇನೆಂದು ಯಾರಾದರೂ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ.

ರೈಲಿನ ವಿಷಯವನ್ನೂ ಹೇಳಿಬಿಡುತ್ತೇನೆ. 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಮಹಿಳೆಯರಿಗೆ ಶೇ. 50 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೊರೋನಾದ ಹೆಸರಲ್ಲಿ ನಿಲ್ಲಿಸಿದರು. ಕೊರೋನಾ ಹೋಯಿತು, ರೈಲುಗಳು ಮರಳಿ ಓಡಿದವು, ರಿಯಾಯಿತಿ ಮಾತ್ರ ಮರಳಲಿಲ್ಲ. ಮುಂಬೈಯಲ್ಲಿರುವ ಅಕ್ಕನನ್ನು ನೋಡಲು ತಂದೆ ವರ್ಷಕ್ಕೊಮ್ಮೆ ಹೋಗುತ್ತಿದ್ದರು. ಈಗ ಫೋನಿನಲ್ಲಿ ಮಾತನಾಡುತ್ತಾರೆ.

ಮಾತು ಉದ್ದವಾಯಿತು. ಹೊರಬಾಗಿಲ ಬಳಿ ಒಂದು ಮೇಜು ಹಾಕಿಸಿದ್ದೇವೆ. ನಾನೂ ಇಬ್ಬರು ಕಾಲೇಜು ಹುಡುಗರೂ ಮೊಬೈಲ್ ಹಿಡಿದು ಅಲ್ಲಿ ಕುಳಿತಿರುತ್ತೇವೆ. ಆಧಾರ್ ಕಾರ್ಡು, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕಿನ ಪಾಸುಬುಕ್ಕು ತಂದವರು ಊಟಕ್ಕೆ ಮುನ್ನ ಬಂದು ಮುಖ ತೋರಿಸಿ ಹೋಗಬಹುದು. ತರದೇ ಇರುವವರು ಹೆಸರು ಬರೆಸಿ, ಮನೆಗೇ ಬರುತ್ತೇವೆ. ಪಿಂಚಣಿ ನಿಂತಿದ್ದು ಮನೆಯಲ್ಲಿ ಹೇಳದೇ ಇರುವವರು ಯಾರಾದರೂ ಇದ್ದರೆ, ನನ್ನ ಕಿವಿಯಲ್ಲಿ ಹೇಳಿದರೆ ಸಾಕು. ಮೇಜಿನ ಪಕ್ಕದ ಕುರ್ಚಿಯಲ್ಲಿ ಗೋಣಿಚೀಲ ಹಿಡಿದು ಕುಳಿತವರು ನನ್ನ ತಂದೆ. ನಿಮ್ಮ ಕೇರಿಯಲ್ಲಿ ಹಳೆಯ ಮನೆ ಕೆಡಹುವ ಸುದ್ದಿ ಏನಾದರೂ ಇದ್ದರೆ ಅವರಿಗೆ ತಿಳಿಸಿ.