ತರುಣರಿಗೆ ಕೆಲಸ, ಕೆಲಸಕ್ಕೆ ಭದ್ರತೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತರುಣರ ನಿರುದ್ಯೋಗದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಏಳನೆಯ ತರಗತಿಯವರೆಗೆ ಓದಿದವನು. ಉಳಿದ ಪಾಠವನ್ನು ಹೋಟೆಲಿನ ಮೋರಿಯಲ್ಲೂ ಸಂಘದ ಕಚೇರಿಯಲ್ಲೂ ಕಲಿತೆ. ಪಂಡಿತರಂತೆ ಮಾತಾಡುವ ಶಕ್ತಿ ನನಗಿಲ್ಲ. ನಮ್ಮ ಅನುಭವಕ್ಕೆ ಬಂದ ಸಂಗತಿಗಳನ್ನೇ ಹಿಡಿದು ಮಾತಾಡುತ್ತೇನೆ.

ಊರಿನಿಂದ ಮುಂಬಯಿಗೆ ಬಂದ ಹುಡುಗನಿಗೆ ಕೆಲಸವೇ ಸಿಗುವುದಿಲ್ಲವೆಂದು ಹೇಳುವಂತಿಲ್ಲ. ಬಂದ ಮರುದಿನವೇ ಅವನ ಕೈಗೆ ಎಂಜಲು ತಟ್ಟೆ ಬರಬಹುದು, ಇಲ್ಲವೆ ಬೆನ್ನಿಗೆ ಊಟ ತಲುಪಿಸುವ ಚೀಲ ಬೀಳಬಹುದು. ಆದರೆ ಅದು ಎಷ್ಟು ದಿನದ ಕೆಲಸ? ಜ್ವರ ಬಂದು ಎಂಟು ದಿನ ಮಲಗಿದರೆ ಆ ಜಾಗದಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಮಳೆಗಾಲದಲ್ಲಿ ನಾಟಿಗೆಂದು ಊರಿಗೆ ಹೋದವನು ಹಿಂದಿರುಗಿ ಬಂದು ಮತ್ತೆ ಮೊದಲಿನಿಂದ ಬಾಗಿಲು ತಟ್ಟಬೇಕು. ನಾನೇ ಆರು ವರ್ಷ ದುಡಿದ ಒಂದು ಹೋಟೆಲು ಮುಚ್ಚಿದಾಗ, ಆ ಆರು ವರ್ಷಕ್ಕೆ ಸಾಕ್ಷಿಯಾಗಿ ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಇದನ್ನು ಉದ್ಯೋಗವೆನ್ನಬೇಕೋ, ದಿನದಿನವೂ ಮುಂದಕ್ಕೆ ತಳ್ಳಿದ ನಿರುದ್ಯೋಗವೆನ್ನಬೇಕೋ, ನೀವೇ ಹೇಳಿ.

ಗಿರಣಿಯಲ್ಲಿ ದುಡಿದ ಹಿರಿಯರಿಗೆ 'ಬದಲಿ' ಎಂಬ ಶಬ್ದದ ಅರ್ಥವನ್ನು ಯಾರೂ ಕಲಿಸಬೇಕಾಗಿಲ್ಲ. ಪಾಳಿಯ ಹೊತ್ತಿಗೆ ಬಾಗಿಲಲ್ಲಿ ನಿಲ್ಲಬೇಕು. ಕಾಯಂ ಕೆಲಸಗಾರನು ಬಾರದಿದ್ದರೆ ಅಂದಿನ ಕೂಲಿ, ಬಂದರೆ ಬರಿಗೈ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅನಂತರದ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಾಯಂ ಹೆಸರಿದ್ದವರೇ ಬಾಕಿಗಾಗಿ ವರ್ಷಗಟ್ಟಲೆ ಅಲೆದರು. ಬದಲಿಯವರ ಪಾಡನ್ನು ಹೇಳಿ ಪ್ರಯೋಜನವಿಲ್ಲ.

ಹೋಟೆಲು ಕೆಲಸ ಎಂದರೆ ಹೀಗೆಯೇ, ಇದಕ್ಕೆ ಭದ್ರತೆ ಎಲ್ಲಿಂದ ಬರಬೇಕು ಎಂದು ನಮ್ಮವರೇ ಅನೇಕರು ಹೇಳುತ್ತಾರೆ. ಈ ಮಾತು ಸರಿಯಲ್ಲ. ಹಣೆಬರಹವೆಂದುಕೊಂಡ ಕೂಲಿಗೂ ಕಾಯಿದೆಯ ಬಲದಿಂದ ಭದ್ರತೆ ಬಂದುದನ್ನು ಇದೇ ಮುಂಬಯಿ ಕಂಡಿದೆ.

ಮೊದಲು ಬಂದರಿನ ಕೂಲಿಯವರನ್ನು ನೋಡಿರಿ. ಹಡಗು ಬಂದರೆ ಕೆಲಸ, ಬಾರದಿದ್ದರೆ ಉಪವಾಸ. 1948ರಲ್ಲಿ ಬಂದರು ಕಾರ್ಮಿಕರ ಉದ್ಯೋಗ ನಿಯಂತ್ರಣ ಕಾಯಿದೆ ಬಂದಿತು. ಅದರಂತೆ ಮಂಡಳಿಗಳು ರಚನೆಯಾಗಿ, ಕಾರ್ಮಿಕರ ಹೆಸರು ಪಟ್ಟಿಗೆ ಏರಿತು. ಸರದಿಯಂತೆ ಕೆಲಸ ಹಂಚಿ, ಹಾಜರಾಗಿಯೂ ಕೆಲಸ ಸಿಗದ ದಿನಕ್ಕೆ ಹಾಜರಿ ಹಣ ಕೊಡುವ ಏರ್ಪಾಡಾಯಿತು. ಹಡಗು ಬರುವುದು ಮೊದಲಿನಂತೆಯೇ ಅನಿಶ್ಚಿತವಾಗಿತ್ತು. ಕೂಲಿಯವನ ಒಲೆ ಮಾತ್ರ ಹಡಗನ್ನು ಕಾಯುವುದು ನಿಂತಿತು.

ಎರಡನೆಯದು ಮಾಥಾಡಿಗಳ ಕತೆ. ತಲೆಯ ಮೇಲೆ ಮೂಟೆ ಹೊರುವ ಈ ಜನರಿಗೆ ಒಬ್ಬ ಮಾಲಕನೆಂಬುದಿಲ್ಲ. ಬೆಳಿಗ್ಗೆ ಒಂದು ಅಂಗಡಿ, ಸಂಜೆ ಇನ್ನೊಂದು. ಅಣ್ಣಾಸಾಹೇಬ ಪಾಟೀಲರ ಮುಂದಾಳುತನದಲ್ಲಿ ಅವರು ಹೋರಾಡಿದರು. 1969ರಲ್ಲಿ ಮಹಾರಾಷ್ಟ್ರ ಸರಕಾರ ಮಾಥಾಡಿ ಕಾಯಿದೆಯನ್ನು ಮಾಡಿತು. ಮಾಲಕರು, ಕಾರ್ಮಿಕರು, ಸರಕಾರ ಮೂವರೂ ಕೂಡಿದ ಮಂಡಳಿ. ಅದರಲ್ಲಿ ಕಾರ್ಮಿಕನ ಹೆಸರು. ವ್ಯಾಪಾರಿಯು ಕೂಲಿಯ ಜೊತೆಗೆ ಗೊತ್ತುಮಾಡಿದ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು. ಆ ಲೆವಿಯಿಂದ ಭವಿಷ್ಯನಿಧಿ, ಗ್ರಾಚ್ಯುಟಿ, ರಜೆ, ಬೋನಸು, ಔಷಧೋಪಚಾರ. ಮಾಲಕ ಬದಲಾದರೂ ಕಾರ್ಮಿಕನ ಲೆಕ್ಕ ಬದಲಾಗುವುದಿಲ್ಲ. ಮಾಥಾಡಿ ಹೆಸರು ಹೇಳಿ ಹಣ ಸುಲಿಯುವವರೂ ಹುಟ್ಟಿಕೊಂಡರು, ನಿಜ. ಕಳ್ಳ ನಾಣ್ಯ ಬಂತೆಂದು ನಾಣ್ಯವನ್ನೇ ಬಿಟ್ಟವರುಂಟೇ?

ಇನ್ನೊಂದು ಸಂಗತಿಯನ್ನು ನೀವು ನೆನಪಿನಲ್ಲಿಡಬೇಕು. ಕೇಳಿದವನಿಗೆ ಕೆಲಸ ಕೊಡುವುದು ಸರಕಾರದ ಹೊಣೆಯೆಂದು ದೇಶದಲ್ಲಿ ಮೊದಲು ಕಾಯಿದೆಯಲ್ಲಿ ಬರೆದದ್ದು ಮಹಾರಾಷ್ಟ್ರವೇ. ಈ ಉದ್ಯೋಗ ಖಾತರಿಯ ಕಾಯಿದೆ 1977ರಲ್ಲಿ ಅಂಗೀಕಾರವಾಗಿ, 1979ರ ಜನವರಿ 26ರಿಂದ ಜಾರಿಗೆ ಬಂದಿತು. ಅದಕ್ಕೆ ಹಣ ಎಲ್ಲಿಂದ ಬಂತು? 1975ರಲ್ಲಿ ಹಾಕಿದ ವೃತ್ತಿ ತೆರಿಗೆಯಿಂದ. ಅದರ ಜೊತೆಗೆ ಸರಕಾರವೂ ತನ್ನ ಪಾಲು ಸೇರಿಸಿತು. ಅಂದರೆ ಪಟ್ಟಣದ ಪಗಾರದಾರನ ಹಣದಿಂದ ಹಳ್ಳಿಯ ಕೆರೆ, ರಸ್ತೆ, ಒಡ್ಡುಗಳ ಕೆಲಸ ನಡೆಯಿತು. ನಮ್ಮಲ್ಲಿ ಯಾರ ಪಗಾರದಿಂದ ಆ ತೆರಿಗೆ ಮುರಿಯುತ್ತದೆಯೋ ಅವರು ಇದನ್ನು ಅಭಿಮಾನದಿಂದ ಹೇಳಬಹುದು. ಮುಂದೆ 2005ರಲ್ಲಿ ಕೇಂದ್ರ ಸರಕಾರವೂ ಹಳ್ಳಿಯ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸವನ್ನು ಕಾಯಿದೆಯಲ್ಲಿ ಒಪ್ಪಿಕೊಂಡಿತು. ಹಳ್ಳಿಗೆ ಕೊಡಬಹುದಾದ ಖಾತರಿಯನ್ನು ಅದಕ್ಕಾಗಿ ತೆರಿಗೆ ತೆತ್ತ ಪಟ್ಟಣದ ತರುಣ ಕೇಳಿದರೆ ತಪ್ಪೇನು?

ಈಗ ನಮ್ಮ ಹೋಟೆಲುಗಳ ಬಾಗಿಲಲ್ಲೇ ಚೀಲ ಹೊತ್ತು, ಮೊಬೈಲು ನೋಡುತ್ತ ನಿಂತ ಹುಡುಗರ ವಿಚಾರ. ನೀನು ಕಾರ್ಮಿಕನಲ್ಲ, 'ಪಾಲುದಾರ'ನೆಂದು ಕಂಪನಿಯವರು ಅವರಿಗೆ ಹೇಳುತ್ತಾರೆ. ಲಾಭದಲ್ಲಿ ಪಾಲಿಲ್ಲದ ಪಾಲುದಾರ! ಇಂಥವರಿಗಾಗಿ 2023ರಲ್ಲಿ ರಾಜಸ್ಥಾನ ಮೊದಲ ಕಾಯಿದೆ ಮಾಡಿತು. 2025ರಲ್ಲಿ ನಮ್ಮ ಕರ್ನಾಟಕವೂ ಮಾಡಿತು. ಹೆಸರು ನೋಂದಾಯಿಸಬೇಕು, ಕಲ್ಯಾಣ ಮಂಡಳಿ ಇರಬೇಕು, ಪ್ರತಿ ಕೆಲಸಕ್ಕೆ ಕೊಡುವ ಕೂಲಿಯ ಮೇಲೆ ಕಂಪನಿಯು ಶೇಕಡಾ 1ರಿಂದ 5ರವರೆಗೆ ಶುಲ್ಕ ಕಟ್ಟಬೇಕು ಎಂದು ಕರ್ನಾಟಕದ ಕಾಯಿದೆ ಹೇಳುತ್ತದೆ. ಮಾಥಾಡಿಗಳ ಹಳೆಯ ದಾರಿಯೇ ಹೊಸ ಕಾಲಕ್ಕೆ ಬಂದಿದೆ.

ಹಾಗೆಂದು ಎಲ್ಲ ಬದಲಾವಣೆಯೂ ನಮ್ಮ ಕಡೆಗೇ ಇದೆಯೆಂದು ಭ್ರಮಿಸಬಾರದು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸಗಾರನಿಗೆ ನೇಮಕ ಪತ್ರ ಕೊಡಬೇಕೆಂಬ ಮಾತು ಅದರಲ್ಲಿದೆ; ಅದನ್ನು ಸ್ವಾಗತಿಸೋಣ. ಆದರೆ ಸರಕಾರದ ಅನುಮತಿಯಿಲ್ಲದೆ ಜನರನ್ನು ತೆಗೆಯಬಾರದೆಂಬ ಕಟ್ಟು ಮೊದಲು 100 ಕಾರ್ಮಿಕರಿದ್ದ ಕಾರ್ಖಾನೆಗೂ ಇತ್ತು. ಈಗ 300 ಜನರಿದ್ದರೆ ಮಾತ್ರ. ಒಂದು ಕೈಯಲ್ಲಿ ಕಾಗದ ಕೊಟ್ಟು, ಇನ್ನೊಂದು ಕೈಯಲ್ಲಿ ಕಾವಲು ತೆಗೆದಂತಾಯಿತು.

ಚಿಕ್ಕ ಹೋಟೆಲು ಈ ಭಾರ ಹೊರಲಾರದು ಎಂದು ಮಾಲಕರು ಹೇಳುವರು. ಅವರಲ್ಲೂ ಅನೇಕರು ಒಂದು ಕಾಲಕ್ಕೆ ತಟ್ಟೆ ತೊಳೆದವರೇ. ಅವರ ಕಷ್ಟವನ್ನು ನಾವು ಬಲ್ಲೆವು. ಅದಕ್ಕಾಗಿಯೇ ಮಂಡಳಿ ಬೇಕೆನ್ನುವುದು. ಒಬ್ಬನೇ ಹೊರಲಾರದ ರಜೆ, ನಿಧಿ, ಔಷಧದ ವೆಚ್ಚವನ್ನು ನೂರಾರು ಹೋಟೆಲುಗಳು ಕೂಡಿ ಹೊತ್ತರೆ ಹಗುರಾಗುತ್ತದೆ. ಮಾಣಿ ಊರಿಗೆ ಹೋದರೆ ಪಟ್ಟಿಯಿಂದ ಇನ್ನೊಬ್ಬ ಬರುತ್ತಾನೆ, ಹೋದವನ ಹೆಸರೂ ಉಳಿಯುತ್ತದೆ. ಇದರಲ್ಲಿ ಮಾಲಕನಿಗೂ ನಷ್ಟವಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಎರಡು. ಹೋಟೆಲು ಕಾರ್ಮಿಕರಿಗೂ ಮಾಥಾಡಿ ಮಾದರಿಯ ಮಂಡಳಿ ಬೇಕು. ಪಟ್ಟಣದ ತರುಣರಿಗೂ ಉದ್ಯೋಗ ಖಾತರಿ ಬೇಕು. ಇವು ನಾಳೆಯೇ ಬರುವುದಿಲ್ಲ. ಮಾಥಾಡಿಗಳಿಗೂ ನಾಳೆಯೇ ಬರಲಿಲ್ಲ.

ಅಲ್ಲಿಯವರೆಗೆ ಮಾಡಬೇಕಾದ ಕೆಲಸ ನಮ್ಮ ಕೈಯಲ್ಲೇ ಇದೆ. ನೇಮಕ ಪತ್ರವನ್ನು ಕೇಳಿರಿ. 20 ಜನರಿರುವಲ್ಲಿ ಭವಿಷ್ಯನಿಧಿ, 10 ಜನರಿರುವಲ್ಲಿ ಇ.ಎಸ್.ಐ. ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿರಿ. ಯಾವ ದಿನ ಸೇರಿದಿರಿ, ಎಷ್ಟು ಪಗಾರ ಬಂತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಓದು ಬರಹ ಬಾರದವನಿಗೆ ಪಕ್ಕದವನು ಬರೆದುಕೊಡಲಿ. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಮಲಗಲು ಜಾಗ ತೋರಿಸುವಂತೆ ಸಂಘದ ಬಾಗಿಲನ್ನೂ ತೋರಿಸಿರಿ. ಅವನ ಹೆಸರು ಮೊದಲು ನಮ್ಮ ಪುಸ್ತಕದಲ್ಲಿ ಬರಲಿ. ಸರಕಾರದ ಪುಸ್ತಕದಲ್ಲಿ ಬರೆಯಿಸುವ ಬಲ ಅಲ್ಲಿಂದಲೇ ಹುಟ್ಟುತ್ತದೆ.